ಕೊಟ್ಟಿಗೆಯ ತೊಲೆ

ನಂಜನಗೂಡಿನ ಆ ಹಳೆಯ ಬಂಗಲೆಯನ್ನು ಕೆಡವಿ ಲಾಡ್ಜ್ ಕಟ್ಟುತ್ತಾರೆಂದು ಸುದ್ದಿ ಬಂದಾಗ ಮೊದಲು ಕುಣಿಯಬೇಕಾದವನು ನಾನು. ದೇವನೂರಿನಿಂದ ಬಂದು ವರ್ಷಗಟ್ಟಲೆ ಅಲ್ಲಿ ಸಗಣಿ ಬಾಚಿದವಳು ನಮ್ಮಮ್ಮ. ಮುಂಬಾಗಿಲ ಹೊಸಿಲು ತುಳಿದವಳಲ್ಲ. ನಮ್ಮ ಕೇರಿಯವರಿಗೆ ಹಿತ್ತಿಲ ಬಾಗಿಲು. ನೀರು ಕೇಳಿದರೆ ಬೊಗಸೆಗೆ ಮೇಲಿಂದ ಸುರಿಯುತ್ತಿದ್ದರು.

ಆದರೆ ಅಮ್ಮ, "ಅದ್ನ ಬೀಳಿಸ್ದೆ ಇರಂಗೆ ಏನಾದ್ರೂ ಮಾಡಪ್ಪ" ಅಂದಳು. ಕಾರಣ ನನಗೆ ಗೊತ್ತಿತ್ತು. ನಾನು ಹುಟ್ಟುವ ಮೊದಲು ಅಕ್ಕನೊಬ್ಬಳಿದ್ದಳು. ಬಂಗಲೆಯ ಹಿತ್ತಿಲ ಕೊಟ್ಟಿಗೆಯ ತೊಲೆಗೆ ಹಳೇ ಸೀರೆಯ ಜೋಲಿ ಕಟ್ಟಿ, ಕೂಸನ್ನು ಮಲಗಿಸಿ ಅಮ್ಮ ಕೆಲಸ ಮಾಡುತ್ತಿದ್ದಳು. ಒಂದು ಮಧ್ಯಾಹ್ನ, ಜ್ವರ ಬಂದಿದ್ದ ಕೂಸು ಜೋಲಿಯಲ್ಲೇ ತೀರಿಕೊಂಡಿತು. ಕೈ ತೊಳೆದು ಹಾಲು ಕುಡಿಸಲು ಹೋದಾಗಲೇ ಅಮ್ಮನಿಗೆ ತಿಳಿದದ್ದು. ಫೋಟೋ ಇಲ್ಲ, ಹೂತ ಜಾಗದ ಗುರುತೂ ಇಲ್ಲ. ಉಳಿದದ್ದು ಆ ತೊಲೆಯೊಂದೇ.

ಬಂಗಲೆ ಉಳಿಸುವ ಸಮಿತಿಗೆ ಹೈಸ್ಕೂಲು ಮೇಷ್ಟ್ರಾಗಿದ್ದ ನಾನೂ ಸೇರಿದೆ. ಆಫೀಸಿಂದ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದೆ. "ನಿಂಗ್ಯಾಕ್ಲಾ ಅವ್ರ ಮನೆ ಉಸಾಬರಿ?" ಎಂದು ಕೇರಿಯ ಗೆಳೆಯರು ಆಡಿಕೊಂಡರು. ಕೊನೆಗೆ ಮಾಲೀಕರು ಮಣಿದರು; ಬಂಗಲೆ ಮ್ಯೂಸಿಯಂ ಆಗುವುದೆಂದಾಯಿತು. ಅಷ್ಟರಲ್ಲಿ ನನಗೆ ತಿ. ನರಸೀಪುರಕ್ಕೆ ವರ್ಗವಾಯಿತು. ಮನೆ ಉಳಿಯಿತೆಂದರೆ ಕೊಟ್ಟಿಗೆಯೂ ಉಳಿಯಿತೆಂದೇ ನಾನೂ ಅಮ್ಮನೂ ತಿಳಿದೆವು. ಹಿತ್ತಿಲಿಂದಲೇ ಮನೆ ಕಂಡವರಿಗೆ ಹಿತ್ತಿಲೇ ಮನೆ.

ಉದ್ಘಾಟನೆಗೆ ಅಮ್ಮನನ್ನು ಕರೆದುಕೊಂಡು ಹೋದೆ. ಅವಳು ಶಾಮಿಯಾನದ ಕಡೆ ತಿರುಗಿಯೂ ನೋಡದೆ ಪಕ್ಕದ ಓಣಿ ಹಿಡಿದು ಹಿಂದಕ್ಕೆ ನಡೆದಳು. ಅಲ್ಲಿ ಕೊಟ್ಟಿಗೆ ಇರಲಿಲ್ಲ. ನೆಲ ಸಮ ಮಾಡಿ ಸಿಮೆಂಟು ಇಟ್ಟಿಗೆ ಹಾಸಿದ್ದರು. ಅತಿಥಿಗಳ ಕಾರುಗಳು ನಿಂತಿದ್ದವು.

ಸಮಿತಿಯ ವಕೀಲರನ್ನು ತಡೆದು ಕೇಳಿದೆ.

"ಅದು ಬರೀ ದನದ ಕೊಟ್ಟಿಗೆ ಕಣ್ರೀ ಮೇಷ್ಟ್ರೇ. ಪಾರಂಪರಿಕ ಕಟ್ಟಡದ ಅಂದಾನೇ ಕೆಡಿಸ್ತಿತ್ತು."

"ಅದರ ತೊಲೆ?"

"ಸೌದೆಗೆ ಹೋಗಿರ್ಬೇಕು."

ಅವರ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಅವರೋ ಅಮ್ಮನಿಗೆ ಕೈಮುಗಿದು, "ಒಳಗೆ ಬನ್ನಿಯಮ್ಮ, ಮುಂಬಾಗಿಲಿಂದಲೇ ಬನ್ನಿ. ಈಗ ಯಾರು ಬೇಕಾದ್ರೂ ಬರಬಹುದು" ಅಂದರು.

"ಒಳಗ ನಂದೇನದ ಸಾ?" ಅಂದಳು ಅಮ್ಮ.

ಆಮೇಲೆ ಕಾರುಗಳ ನಡುವೆ ಬಗ್ಗಿ ಬಗ್ಗಿ ನೆಲ ನೋಡುತ್ತಾ ಹೋದಳು. ಒಂದು ಕಡೆ ನಿಂತಳು. ಅಲ್ಲವೆನಿಸಿತೇನೋ, ಇನ್ನೊಂದು ಕಡೆಗೆ ಸರಿದಳು. ಕೊನೆಗೆ ನನ್ನತ್ತ ತಿರುಗಿ, "ಯಾವ ಕಡೀಕೆ ಇತ್ತಪ್ಪಾ?" ಎಂದು ನನ್ನನ್ನೇ ಕೇಳಿದಳು.