ಕೊಲೆಯಕ್ಕನ ಎರಡು ಬೆರಳು

ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತ ವಾರಕ್ಕೊಂದು ಹೆಣ ಬೀಳಿಸುತ್ತಿದ್ದ ನನ್ನಕ್ಕನನ್ನು ಓಣಿಯವರೆಲ್ಲ ಕೊಲೆಯಕ್ಕ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಇರುವೆಯನ್ನೂ ಊದಿ ಕಳಿಸುವವಳು. ಹೊಡೆಯುವ ಕೆಲಸವೆಲ್ಲ ಅವಳ ಗಂಡನದು. ಅವನನ್ನು ಭಾವ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಅವನು ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಬಿಲ್ ಮಾಡುವವನು. ಅಕ್ಕನ ಧಾರಾವಾಹಿಯಲ್ಲಿ ಹೆಂಡತಿಯನ್ನು ಬಡಿಯುವ ಗುಮಾಸ್ತನೊಬ್ಬ ಬಂದಾಗ ಅಂಗಡಿಯವರು, "ಇದು ನೀನೇ ಅಲ್ವೇನೋ" ಎಂದು ನಕ್ಕರಂತೆ. ಮನೆಗೆ ಬಂದವನೇ ಅಕ್ಕನ ಬಲಗೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಒದ್ದ. ಎರಡು ಬೆರಳು ಮತ್ತೆ ಮಡಚಲಿಲ್ಲ.

ಮೌಸ್ ಹಿಡಿಯಲಾಗದೆ ಅಕ್ಕ ಅಳುತ್ತ ಕೂತಿದ್ದಾಗ, ಪತ್ರಿಕೆಯಲ್ಲಿ ಪುಟ ಕಟ್ಟುವಾಕೆ ಅವಳ ಲ್ಯಾಪ್‌ಟಾಪಿಗೆ ಎಡಿಟರ್ ಎಂಬ ಬೇರೊಂದು ಬರೆಯುವ ತಂತ್ರಾಂಶ ಹಾಕಿಕೊಟ್ಟಳು. ಅದರಲ್ಲಿ ಎಲ್ಲವೂ ಕೀಬೋರ್ಡಿನ ಕೀಲಿಗಳಲ್ಲೇ, ಮೌಸ್ ಬೇಡ. ಒಂದು ಕೀಲಿ ಒತ್ತಿದರೆ ಬರೆಯಬಹುದು. ಇನ್ನೊಂದು ಒತ್ತಿದರೆ ಅದೇ ಅಕ್ಷರಗಳ ಕೀಲಿಗಳು ಅಪ್ಪಣೆಗಳಾಗುತ್ತವೆ: ಪದ ಅಳಿಸು, ಸಾಲು ಕಿತ್ತು ಕೆಳಗಿಡು, ಹೋದದ್ದನ್ನು ವಾಪಸ್ ತಾ. ಮೊದಮೊದಲು ಅಕ್ಕ ಬಾಯಿಗೆ ಬಂದಂತೆ ಬೈದಳು. ಆಮೇಲೆ ಬಿಡಲೇ ಇಲ್ಲ.

"ಬರೆಯೋದು ಎಷ್ಟು ಹೊತ್ತಿನ ಕೆಲಸ ಹೇಳು," ಎನ್ನುತ್ತಿದ್ದಳು. "ದಿನವಿಡೀ ನಾನು ಮಾಡೋದು ಕತ್ತರಿಸೋದು, ಎತ್ತಿಡೋದು. ಇದು ಅದಕ್ಕಂತಲೇ ಇರೋದು. ಕೈ ಇದ್ದ ಜಾಗ ಬಿಟ್ಟು ಕದಲೋದೇ ಬೇಡ. ಮನಸ್ಸೂ ಅಲ್ಲೇ ಇರತ್ತೆ."

ಕೊನೆಯ ಕಂತು ಕಳಿಸಬೇಕಾದ ದಿನ ನಾನು ಅಕ್ಕನ ಮನೆಯಲ್ಲೇ ಇದ್ದೆ. ಗುಮಾಸ್ತ ಸಾಯುವ ಕಂತು ಅದು. ಅಕ್ಕನ ಗಂಡ ಸುತ್ತಿಗೆ ಹಿಡಿದು ಬಂದ. ಅಡ್ಡ ಹೋದ ನನ್ನ ಬಾಯಿಗೆ ಗುದ್ದಿದ. ಹಲ್ಲು ಅಲುಗಿ ರಕ್ತ ಸುರಿಯಿತು.

"ಅಳಿಸು," ಎಂದ ಅಕ್ಕನಿಗೆ. "ಇಲ್ಲಾಂದ್ರೆ ಎಡಗೈಯೂ ಹೋಗತ್ತೆ."

ಅಕ್ಕ ಕೀಲಿ ಒತ್ತಿದಳು. ಪರದೆ ಖಾಲಿಯಾಯಿತು. ಸೇವ್ ಮಾಡು ಎಂದ, ಮಾಡಿದಳು. ಅವನ ಅಂಗಡಿಯ ಕಂಪ್ಯೂಟರಿನಲ್ಲಿ ಅಳಿಸಿ ಸೇವ್ ಮಾಡಿದರೆ ಅಲ್ಲಿಗೆ ಕತೆ ಮುಗಿಯಿತು, ಹೋದದ್ದು ವಾಪಸ್ ಬರುವುದಿಲ್ಲ.

"ಇನ್ನು ಹೇಗೆ ಬರೀತೀಯೋ ನೋಡ್ತೀನಿ," ಎನ್ನುತ್ತ, ಮೇಜಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಮೌಸನ್ನು ಸುತ್ತಿಗೆಯಿಂದ ಜಜ್ಜಿ ಪುಡಿಮಾಡಿ ಹೊರಟುಹೋದ. ಮೌಸಿಲ್ಲದೆ ಒಂದು ಬಿಲ್ಲೂ ಮಾಡಲಾರದ ಬೆಪ್ಪ.

ಅಕ್ಕ ಒಂದೇ ಒಂದು ಕೀಲಿ ಒತ್ತಿದಳು. ಇಡೀ ಕಂತು ವಾಪಸ್ ಬಂತು. ಅದನ್ನು ಪತ್ರಿಕೆಗೆ ಕಳಿಸಿ, ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ನನ್ನ ಮನೆಗೆ ಬಂದುಬಿಟ್ಟಳು.

ಕಂತು ಅಚ್ಚಾದ ದಿನ ಅವನು ನನ್ನ ಬಾಗಿಲು ಬಡಿದ. ಬೇಡವೆಂದರೂ ಕೇಳದೆ ಅಕ್ಕನೇ ಚಿಲಕ ತೆಗೆದು ಬಾಗಿಲನ್ನು ತುಸುವೇ ಸರಿಸಿದಳು. ಅವನು ಸಂದಿಯಲ್ಲಿ ಕೈ ತೂರಿಸಿ ಅವಳ ಜುಟ್ಟಿಗಾಗಿ ತಡಕಾಡಿದ. ಅಕ್ಕ ಮೈಭಾರವನ್ನೆಲ್ಲ ಬಾಗಿಲ ಮೇಲೆ ಹಾಕಿದಳು. ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ಅರಚುತ್ತಿದ್ದವನನ್ನು ಅಕ್ಕಪಕ್ಕದವರು ಎಳೆದುಕೊಂಡು ಹೋಗಿ ಪೊಲೀಸರಿಗೆ ಒಪ್ಪಿಸಿದರು.

ಅಕ್ಕ ಬಂದು ಹೊಸ ಕಾದಂಬರಿಯ ಮುಂದೆ ಕೂತಳು. ಬರೆಯುವ ಕೀಲಿ ಒತ್ತುವುದನ್ನೇ ಮರೆತು ಬರೆಯತೊಡಗಿದಳು. ಅಕ್ಷರಗಳೆಲ್ಲ ಅಪ್ಪಣೆಗಳಾಗಿ, ಬೆಳಗಿನಿಂದ ಬರೆದದ್ದು ಸಾಲುಸಾಲಾಗಿ ಮಾಯವಾಯಿತು.

"ಅಕ್ಕಾ, ಎಲ್ಲ ಹೋಯ್ತಲ್ಲೇ," ಎಂದೆ.

"ಅದು ಬರತ್ತೆ ಬಿಡು," ಎಂದು ಎಡಗೈಯಿಂದ ಕೀಲಿ ಒತ್ತಿದಳು. ಸಾಲುಗಳು ಬಂದವು. ಅವಳು ಮಾತ್ರ ಮಡಚದ ಆ ಎರಡು ಬೆರಳನ್ನೇ ನೋಡುತ್ತಿದ್ದಳು.

"ಇವೇ ಬರಲ್ಲ," ಎಂದಳು.