ಟಾನಿ ಡ್ರೀಕಾ ಗುರುತು ಹಾಕಿದ ಗಾಜು

ನಮ್ಮ ಸದರ್‌ಲೆಂಡ್‌ನಲ್ಲಿ ಒಬ್ಬರಿಗೆ ಅಡ್ಡಹೆಸರು ಅಂಟಿತೆಂದರೆ ಗೋರಿಯವರೆಗೂ ಬಿಡುವುದಿಲ್ಲ. ಡ್ರೀಕಾ ಮಾರ್ಮನ್‌ಗೆ ಅಂಟಿದ್ದು ‘ಕಲೆ ಡ್ರೀಕಾ’. ಚರ್ಚಿನ ಮೆಟ್ಟಿಲ ಮೇಲೆ ಯಾರ ಅಂಗಿಗಾದರೂ ಕಾಫಿ ಚೆಲ್ಲಿದರೆ, “ಟಾನಿ ಡ್ರೀಕಾ ಕೈಗೆ ಕೊಡಿ, ತೊಳೆದು ಇನ್ನೂ ನಾಲ್ಕು ಕಲೆ ಮಾಡಿಕೊಡ್ತಾಳೆ” ಎನ್ನುತ್ತಿದ್ದರು. ಟಾನಿ ಎಂದರೆ ಊರಿಗೆಲ್ಲ ಚಿಕ್ಕಮ್ಮ. ಹಾಗೆಂದು ನಗುವವರಲ್ಲಿ ನಾನೂ ಒಬ್ಬಳಾಗಿದ್ದೆ.

1974ರಲ್ಲಿ ಆಕೆಗೆ ಬೆಟ್ಟದ ವೀಕ್ಷಣಾಲಯದಲ್ಲಿ ಕೆಲಸ. ಆಕಾಶದ ಚಿತ್ರ ಹಿಡಿದ ಗಾಜಿನ ಫಲಕಗಳನ್ನು ತೊಳೆದು ಒಣಗಿಸಬೇಕು. ಆಗ ವರ್ಣಭೇದದ ಕಾಲ, ನೋಡುವ ಕೆಲಸ ಬಿಳಿಯರದು, ತೊಳೆಯುವ ಕೆಲಸ ನಮ್ಮದು. ಆದರೆ ಕಣ್ಣಿಗೆ ಯಾರು ಬೀಗ ಹಾಕಲಾದೀತು? ಒಂದು ಫಲಕದಲ್ಲಿ ಮೊಟ್ಟೆಯಾಕಾರದ ಭಾರಿ ಗೆಲಾಕ್ಸಿಯೊಂದಿತ್ತು. ಅದರ ಸುತ್ತ ಕೂದಲೆಳೆಯಂಥ ಕಮಾನುಗಳು ಆಕೆಗೆ ಕಂಡವು. ಅಂಥ ಗೆಲಾಕ್ಸಿಗಳು ನುಣ್ಣಗಿರುತ್ತವೆ, ಸುತ್ತ ಏನೂ ಇರುವುದಿಲ್ಲ ಎಂದು ಓದಿಕೊಂಡಿದ್ದ ಅಧಿಕಾರಿ, ಇದು ನೀರು ಒಣಗಿದ ಕಲೆ, ನಿನ್ನ ತೊಳೆತವೇ ಸರಿಯಿಲ್ಲ ಎಂದ. ನೀರಿನ ಕಲೆ ಗೆಲಾಕ್ಸಿಯನ್ನು ಮಾತ್ರ ಹುಡುಕಿಕೊಂಡು ಹೋಗುತ್ತದೆಯೇ ಎಂದು ಡ್ರೀಕಾ ಕೇಳಿಬಿಟ್ಟಳು. ಅದೇ ವಾರ ಆಕೆಯನ್ನು ಅಡುಗೆಮನೆಗೆ ಕಳಿಸಿದರು. ಮುಂದಿನ ಮೂವತ್ತು ವರ್ಷ ಆ ಕೈ ಬ್ರೆಡ್ಡಿನ ಹಿಟ್ಟು ನಾದಿತು.

2012ರಲ್ಲಿ, ಅದೇ ವೀಕ್ಷಣಾಲಯದ ಕೆಲಸಕ್ಕೆ ಸೇರಿದ್ದ ನನ್ನ ಕೈಗೆ ಅದೇ ಫಲಕಗಳು ಬಂದವು. ಕಂಪ್ಯೂಟರಿಗೆ ಏರಿಸುವ ಮೊದಲು ಗಾಜಿನ ಬೆನ್ನ ಮೇಲಿನ ಹಳೆಯ ಶಾಯಿಯನ್ನೆಲ್ಲ ಸ್ಪಿರಿಟ್ ಹಚ್ಚಿ, ಬ್ಲೇಡಿನಿಂದ ಕೆರೆದು ತೆಗೆಯಬೇಕಿತ್ತು, ಇಲ್ಲದಿದ್ದರೆ ನಕ್ಷತ್ರಗಳು ಮುಚ್ಚಿಹೋಗುತ್ತವೆ. ದಿನಕ್ಕೆ ಎಂಬತ್ತು ಫಲಕ. ಯಾರು ಏನು ಗೀಚಿದ್ದಾರೆಂದು ನಾನು ಓದಲಿಲ್ಲ. ಓದಿದ್ದರೆ ಕೈ ತಡೆಯುತ್ತಿತ್ತೋ ಇಲ್ಲವೋ, ಈಗ ಹೇಳಿ ಏನು ಪ್ರಯೋಜನ?

ಒಂದು ಮಧ್ಯಾಹ್ನ ಥೆಂಬೆಕಾ ನನ್ನನ್ನು ಕರೆದಳು. ಆಕೆ ನಮ್ಮಲ್ಲಿಯ ಖಗೋಳ ವಿಜ್ಞಾನಿ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಪರದೆಯ ಮೇಲೆ ಅದೇ ಕಮಾನುಗಳಿದ್ದವು.

“ಇಷ್ಟು ದೊಡ್ಡದು ಒಂದೇ ಏಟಿಗೆ ಆಗಲ್ಲ, ಮಿನ್ನಕ್ಕ. ಚಿಕ್ಕಪುಟ್ಟ ಗೆಲಾಕ್ಸಿಗಳನ್ನ ನುಂಗಿ ನುಂಗಿ, ಕೋಟ್ಯಂತರ ವರ್ಷ ಬೆಳೆದಿರುತ್ತೆ. ಹೊಸ ನಕ್ಷತ್ರ ಹುಟ್ಟೋಕೆ ಬೇಕಾದ ಅನಿಲ ಯಾವತ್ತೋ ಖಾಲಿ. ಈಗ ಇರೋದೆಲ್ಲ ಮುದಿ ಕೆಂಪು ನಕ್ಷತ್ರ. ಈ ಕಮಾನು ಇದೆಯಲ್ಲ, ನುಂಗಿಸಿಕೊಂಡೋರದು ಉಳಿದಿರೋದು ಇಷ್ಟೇ.”

ನುಂಗಿದವರ ಹೊಟ್ಟೆ ಎಲ್ಲೇ ಆದರೂ ನುಣ್ಣಗೇ ಕಾಣುತ್ತದೆ ಎಂದುಕೊಂಡೆ. ಇಂಥ ಕಮಾನುಗಳನ್ನು ವಿಜ್ಞಾನಿಗಳು ಒಪ್ಪಿದ್ದು ಈ ಫಲಕ ತೆಗೆದು ಎಷ್ಟೋ ವರ್ಷಗಳ ಮೇಲಂತೆ. ಆಗಲೇ ಯಾರಾದರೂ ಕಂಡು ಬರೆದಿಟ್ಟಿದ್ದರೆ ಅವರ ಹೆಸರು ತನ್ನ ಲೇಖನದಲ್ಲಿ ಮೊದಲು ಬರುತ್ತದೆ ಎಂದಳು ಥೆಂಬೆಕಾ. ಅದು ನಮ್ಮ ಡ್ರೀಕಾಳ ಕಲೆ ಎಂದು ತಮಾಷೆಗೆ ಬಾಯಿ ತೆರೆದವಳು ಅಲ್ಲಿಗೇ ನಿಲ್ಲಿಸಿದೆ. ನಾಚಿಕೆಯಾಯಿತು.

ಶನಿವಾರ ಡ್ರೀಕಾಳ ಮನೆಗೆ ಹೋಗಿ ಎಲ್ಲ ಹೇಳಿದೆ. ಟಾನಿ ಡ್ರೀಕಾ ಬಹಳ ಹೊತ್ತು ಅತ್ತಳು. ಆಮೇಲೆ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ನನ್ನ ಜೊತೆ ಹೊರಟಳು. ಬೆಟ್ಟದ ದಾರಿಯಲ್ಲಿ, ಯಾರಿಗೂ ಹೇಳದ ಮಾತೊಂದನ್ನು ಹೇಳಿದಳು.

“ಅಡುಗೆಮನೆಗೆ ಹೋಗೋ ಮುಂಚೆ ಗಾಜಿನ ಬೆನ್ನಿಗೆ ಬರೆದಿದೀನಿ ಕಣೆ. ತಾರೀಖು, ನನ್ನ ಹೆಸರು, ‘ಇದು ಕಲೆ ಅಲ್ಲ’ ಅಂತ. ತಿರುಗಿಸಿ ನೋಡಿದ್ರೆ ಸಾಕು.”

ದಿನಕ್ಕೆ ಎಂಬತ್ತು ಫಲಕದ ಬೆನ್ನು ಕೆರೆದ ನನ್ನ ಬ್ಲೇಡು ನೆನಪಾಯಿತು.

ಥೆಂಬೆಕಾ ಫಲಕ ತಂದುಕೊಟ್ಟಳು. ಟಾನಿ ಡ್ರೀಕಾ ಅದನ್ನು ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ ನೋಡಿದಳು. ಬೆನ್ನ ಮೇಲೆ ಈಕೆ ಬರೆದಿದ್ದನ್ನು ನಾನೇ ಒರೆಸಿದ್ದು ಎಂದೆ. ನಿಮ್ಮ ಮಾತನ್ನು ನಂಬುತ್ತೇನೆ, ಆದರೆ ಬರಹವಿಲ್ಲದೆ ಹೆಸರು ಹಾಕಲಾಗದು ಎಂದು ಥೆಂಬೆಕಾ ತಲೆ ತಗ್ಗಿಸಿದಳು.

ಟಾನಿ ಡ್ರೀಕಾ ಗಾಜಿನ ಮೇಲೆ ಹೆಬ್ಬೆರಳಾಡಿಸಿ, ಅದನ್ನು ನನ್ನ ಕೈಗಿತ್ತಳು.

“ಚೆನ್ನಾಗಿ ಒರೆಸಿದೀಯ, ಮಗಳೇ. ಒಂದು ಕಲೆನೂ ಇಲ್ಲ.”