ಚಂದ್ರಿಯ ಎರಡನೇ ಸೂಲು

ಕಳೆದ ವಾರ ಸಾನಪಾಡಾದ ನಮ್ಮ ಕಟ್ಟಡದ ಗೇಟಿನ ಬಳಿ ಒಬ್ಬ ಹೆಂಗಸು ದೊಡ್ಡ ಅಲ್ಯೂಮಿನಿಯಂ ಪಾತ್ರೆ ಇಟ್ಟುಕೊಂಡು ಬೀದಿನಾಯಿಗಳಿಗೆ ಊಟ ಹಾಕುತ್ತಿದ್ದರು. ಮುಚ್ಚಳ ತೆಗೆದ ಕೂಡಲೇ ವಾಸನೆ ಬಂತು... ಅರಿಶಿನ ಹಾಕಿ ಬೇಯಿಸಿದ ಕೋಳಿಕಾಲು, ಅದರೊಳಗೆ ಮೆತ್ತಗೆ ಕರಗಿದ ನುಚ್ಚಕ್ಕಿ. ತರಕಾರಿ ಚೀಲ ಹಿಡಿದುಕೊಂಡೇ ನಿಂತುಬಿಟ್ಟೆ. ಹನ್ನೊಂದು ವರ್ಷಗಳ ಹಿಂದೆ ಕಲ್ಯಾಣದ ಒಂದು ಸಣ್ಣ ಅಂಗಳದಲ್ಲಿ ಪ್ರತಿ ಭಾನುವಾರ ಮೂಗಿಗೆ ಬಡಿಯುತ್ತಿದ್ದ ವಾಸನೆ ಅದು. ಆ ಅಂಗಳದ ಒಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ.

ಅಕ್ಕ ವಿಜಯಪುರದ ಕಡೆಯವರು. ಗಂಡ ಗೂಡ್ಸ್ ಗಾಡಿಗಳಿಗೆ ಮೂಟೆ ಹೊತ್ತು ಸವೆದು ತೀರಿಕೊಂಡಿದ್ದರು. ಅಕ್ಕ ಡೊಂಬಿವಲಿಯ ಒಂದು ಬಂಗಲೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಆ ಮನೆಯವರು ಊರು ಬಿಡುವ ದಿನ ತಮ್ಮ ಲ್ಯಾಬ್ರಡಾರ್ ಹೆಣ್ಣುನಾಯಿಯನ್ನು ಹಗ್ಗದ ಸಮೇತ ಇವರ ಕೈಗಿತ್ತು ಹೋದರಂತೆ. ಅದು ಹಾಕಿದ ಮರಿಗಳಿಂದ ಅಕ್ಕನ ಕಸುಬು ಶುರುವಾಯಿತು. ಆದರೆ ಇದ್ದದ್ದು ಬಾಡಿಗೆಯ ಎರಡು ಕೋಣೆ, ಮುಂದೊಂದು ಚೂರು ಅಂಗಳ. ನಾಲ್ಕೈದು ನಾಯಿ ಸಾಕಲು ಜಾಗವಿಲ್ಲ, ನೆರೆಯವರು ಬಿಡುವುದೂ ಇಲ್ಲ. ಪಂಜರದಲ್ಲಿಟ್ಟು ಮರಿ ಹಾಕಿಸುವುದು ಅಕ್ಕನಿಗೆ ಒಗ್ಗದ ಕೆಲಸ. ಹಾಗಾಗಿ ಒಳ್ಳೆಯ ಹೆಣ್ಣುಮರಿಗಳನ್ನು ಆರಿಸಿ ಬೇರೆ ಬೇರೆ ಸಂಸಾರಗಳಲ್ಲಿ ಬಿಡುತ್ತಿದ್ದರು. ನಾಯಿ ಆ ಮನೆಯಲ್ಲೇ ಬೆಳೆಯುತ್ತದೆ. ಬೆದೆಗೆ ಬಂದಾಗ ಅಕ್ಕ ಒಯ್ಯುತ್ತಾರೆ, ಬಾಣಂತನ ತಮ್ಮಲ್ಲಿ ಮಾಡುತ್ತಾರೆ, ಮರಿಗಳು ಅಕ್ಕನವು. ಎರಡು ಸೂಲು ಮುಗಿದ ಮೇಲೆ ನಾಯಿ ಪೂರ್ತಿ ಆ ಮನೆಯವರದು.

ನಾವು ಆಗ ಠಾಣೆಯ ನೌಪಾಡಾದಲ್ಲಿದ್ದೆವು. ಏಳನೇ ಕ್ಲಾಸಿನಲ್ಲಿದ್ದ ಮಗಳಿಗೆ ನಾಯಿ ಬೇಕೇ ಬೇಕಾಗಿತ್ತು. ನನ್ನ ಆಫೀಸಿನವರೊಬ್ಬರು ಅಕ್ಕನ ವಿಷಯ ಹೇಳಿದರು. ಒಂದು ಶನಿವಾರ ಅಕ್ಕ ಮನೆ ನೋಡಲು ಬಂದರು. ಮರಿ ತಂದಿರಲಿಲ್ಲ. ಸೋಫಾ ಬೇಡವೆಂದು ನೆಲದ ಮೇಲೆ, ಬಾಗಿಲಿಗೆ ಒರಗಿ ಕೂತರು. ಬಾಲ್ಕನಿ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. ನಮ್ಮನ್ನೇ ನೋಡುತ್ತಾ ಒಂದು ಗಂಟೆ ಕೂತು ಕೊನೆಗೆ ಮಗಳನ್ನು ಕೇಳಿದರು: “ಮನ್ಯಾಗ ಜೋರಾಗಿ ಒದರವ್ರು ಯಾರವ್ವಾ?”

ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. “ಪಪ್ಪಾ,” ಎಂದಳು, ನನ್ನ ಮುಖ ನೋಡದೆ.

“ಒದರಿದ ಮ್ಯಾಲೆ ಏನ್ ಮಾಡ್ತಾರ?”

“ಫಿರ್ ಖುದ್ ಹೀ ಸಬ್‌ಕೇ ಲಿಯೇ ಚಾಯ್ ಬನಾತೇ ಹೈಂ.”

ಆಮೇಲೆ ತಾವೇ ಎಲ್ಲರಿಗೂ ಚಹಾ ಮಾಡುತ್ತಾರಂತೆ. ಅಕ್ಕ ನಕ್ಕರು. ಮುಂದಿನ ಶನಿವಾರ ಮೂರು ತಿಂಗಳ ಚಂದ್ರಿಯನ್ನು ಮಡಿಲಲ್ಲಿಟ್ಟುಕೊಂಡು ರಿಕ್ಷಾದಿಂದ ಇಳಿದರು. ಚಂದ್ರಿ ಆ ಬಂಗಲೆಯ ನಾಯಿಯ ಕೊನೆಯ ಸೂಲಿನ ಮರಿ. ಎದೆಯ ಮೇಲೆ ಬಿಳಿ ಚುಕ್ಕೆಯಿತ್ತೆಂದು ಅಕ್ಕ ಇಟ್ಟ ಹೆಸರು. ಮಗಳು ಅದನ್ನು ಎರಡೇ ದಿನದಲ್ಲಿ ಕ್ಯಾಂಡಿ ಮಾಡಿದಳು. ನಾಯಿ ಎರಡಕ್ಕೂ ಓಗೊಡುತ್ತಿತ್ತು.

ಕರಾರನ್ನು ನಾನೇ ಬರೆದೆ. ಅಕ್ಕ ನಾಲ್ಕನೇ ಇಯತ್ತೆಯವರೆಗೆ ಓದಿದವರು, ಕನ್ನಡ ಓದಲು ಬರುತ್ತಿತ್ತು. ಗೆರೆ ಹಾಳೆಯ ಮೇಲೆ ಐದಾರು ಸಾಲು. ಬೆದೆಗೆ ಬಂದ ದಿನವೇ ತಿಳಿಸತಕ್ಕದ್ದು ಎಂಬುದು ಎರಡನೇ ಸಾಲು. ಅಕ್ಕ ಬೆರಳಿಟ್ಟು ನಿಧಾನಕ್ಕೆ ಓದಿ, “ಅಕ್ಷರ ಭಾಳ ಚಂದ ಅದಾವ್ರಿ ಅಣ್ಣಾರ” ಎಂದರು.

ಮೊದಲನೇ ಸೂಲು ಬರುವ ಹೊತ್ತಿಗೆ ಚಂದ್ರಿಗೆ ಎರಡು ವರ್ಷ. ಅಷ್ಟರಲ್ಲಿ ಅವಳು ಮನೆಯ ಎಲ್ಲ ವೇಳಾಪಟ್ಟಿಯನ್ನೂ ತನ್ನದು ಮಾಡಿಕೊಂಡಿದ್ದಳು. ಹೆರಿಗೆಗೆ ಹತ್ತು ದಿನ ಇರುವಾಗ ಅಕ್ಕ ಪರಿಚಯದ ಟೆಂಪೊ ತಂದು ಕರೆದುಕೊಂಡು ಹೋದರು. ಹತ್ತು ವಾರ ಮನೆ ಖಾಲಿ. ಭಾನುವಾರಗಳಲ್ಲಿ ನಾನೂ ಮಗಳೂ ಲೋಕಲ್ ರೈಲು ಹಿಡಿದು ಕಲ್ಯಾಣಕ್ಕೆ ಹೋಗುತ್ತಿದ್ದೆವು. ಅಂಗಳದಲ್ಲಿ ಕಾಲು ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ ಅಕ್ಕ. ಒಳಗೆ, ಹಳೆಯ ಮಂಚವನ್ನು ಕಳಚಿ ಮಾಡಿದ ಪೆಟ್ಟಿಗೆಯಲ್ಲಿ ಚಂದ್ರಿ, ಅವಳ ಹೊಟ್ಟೆಗೆ ಅಂಟಿಕೊಂಡ ಏಳು ಮರಿ. ಪೆಟ್ಟಿಗೆಯ ಪಕ್ಕದಲ್ಲೇ ಅಕ್ಕನ ಚಾಪೆ, ದಿಂಬು. ಒಲೆಯ ಮೇಲೆ ಚಂದ್ರಿಗೆಂದು ಬೇಯುತ್ತಿದ್ದ ಕೋಳಿಕಾಲು, ನುಚ್ಚಕ್ಕಿ.

ಮೊದಲ ಸಲ ಹೋದಾಗ ಚಂದ್ರಿ ನಮ್ಮನ್ನು ನೋಡಿ ಬಾಲ ಆಡಿಸಿದಳು, ಎದ್ದಳು, ಮತ್ತೆ ಮಲಗಿಬಿಟ್ಟಳು. ಮಗಳ ಮುಖ ಬಾಡಿತು. ಅಕ್ಕ ಅವಳ ತಲೆ ಸವರಿ ಹೇಳಿದರು, “ನಿನ್ನ ಮರ್ತಿಲ್ಲವ್ವಾ. ಈಗ ಕೈತುಂಬ ಕೆಲಸ ಐತಿ ಆಕಿಗಿ. ಬಿಟ್ಟು ಬರಾಕ ಆಗೂದಿಲ್ಲ, ಅಷ್ಟ.”

ಏಳರಲ್ಲಿ ಆರು ಗಂಡು. ಇದ್ದ ಒಂದೇ ಹೆಣ್ಣು ಎಂಟನೇ ದಿನ ಹೋಯಿತು. ಆ ವರ್ಷವೇ ಬಂಗಲೆಯ ಮುದಿ ನಾಯಿಯೂ ಸತ್ತಿತು. ಅದರ ಸಂತತಿಯಲ್ಲಿ ಇನ್ನೂ ಅಕ್ಕನ ಪಾಲಿಗೆ ಉಳಿದದ್ದು ಚಂದ್ರಿ ಒಬ್ಬಳೇ. ಅಕ್ಕ ಅತ್ತದ್ದನ್ನು ನಾನು ನೋಡಲಿಲ್ಲ. ಚಂದ್ರಿಯನ್ನು ನಮಗೆ ಮರಳಿಸುವಾಗ ಮಾತ್ರ ಒಂದು ಮಾತು ಹೇಳಿದರು: “ಮುಂದಿನ ಸೂಲಿನ್ಯಾಗ ಒಂದು ಹೆಣ್ಣುಮರಿ ನಾ ಇಟ್ಕೋತೀನ್ರಿ. ಯಾರ ಮನಿಗೂ ಕೊಡೂದಿಲ್ಲ. ಆ ಮುದುಕಿ ರಕ್ತ ನನ್ನ ಕಣ್ಣ ಮುಂದ ಇರಲಿ.”

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಎಂದೂ ಸೂಲಿನ ಹಿಂದೆಯೇ ಸೂಲು ಮಾಡಿಸಿದವರಲ್ಲ. ಒಂದು ಬೆದೆ ಬಿಟ್ಟು ಮುಂದಿನದಕ್ಕೆ ಕಾಯುತ್ತಿದ್ದರು. ಅದು ಬಂದಾಗ ಮಗಳು ಹತ್ತನೇ ಕ್ಲಾಸು, ಬೋರ್ಡ್ ಪರೀಕ್ಷೆಗೆ ಎರಡು ತಿಂಗಳು. ಅವಳು ಓದುತ್ತಿದ್ದದ್ದು ಚಂದ್ರಿಯ ಬೆನ್ನಿಗೆ ಒರಗಿಕೊಂಡು. ಒಂದು ಬೆಳಿಗ್ಗೆ ನೆಲದ ಮೇಲೆ ರಕ್ತದ ಹನಿ ಕಂಡಿತು. ಹೆಂಡತಿ ಒರೆಸುತ್ತಾ, “ಅಕ್ಕನಿಗೆ ಇವತ್ತೇ ಫೋನ್ ಮಾಡಿ” ಎಂದಳು.

“ಪರೀಕ್ಷೆ ಮುಗಿಯಲಿ. ಆರು ತಿಂಗಳಿಗೆ ಮತ್ತೆ ಬರ್ತದಲ್ಲ,” ಎಂದೆ.

“ಹೇಳದೆ ಇದ್ರೆ ಹೇಗೆ ಮಾರಾಯ್ರೆ? ಬರೆದು ಕೊಟ್ಟದ್ದು ನೀವೇ ಅಲ್ವಾ?”

ಪರೀಕ್ಷೆ ಒಂದು ನೆಪ. ಕೇಳಿದ್ದರೆ ಅಕ್ಕನೇ ಮುಂದಿನ ಸಲಕ್ಕೆ ಬಿಡುತ್ತಿದ್ದರು. ನಿಜ ಏನೆಂದರೆ, ಆಫೀಸಿನಿಂದ ಬಂದು ಬಾಗಿಲು ತೆಗೆದಾಗ ಚಂದ್ರಿ ಇಲ್ಲದ ಹತ್ತು ವಾರವನ್ನು ನನಗೆ ಮತ್ತೊಮ್ಮೆ ನೋಡುವುದು ಬೇಕಿರಲಿಲ್ಲ. ಅವಳು ಇನ್ನೊಬ್ಬರ ನಾಯಿ ಎಂಬುದನ್ನು ಒಪ್ಪುವುದು ಬೇಕಿರಲಿಲ್ಲ.

ವಾರದೊಳಗೆ ಅಕ್ಕನದೇ ಫೋನು. “ಅಣ್ಣಾರ, ಚಂದ್ರಿ ಬೆದಿಗಿ ಬಂದಾಳೇನ್ರಿ?”

“ಇಲ್ಲ ಅಕ್ಕ. ಇನ್ನೂ ಇಲ್ಲ.”

“ಹೌದ್ರಿ? ಆತು... ನೋಡ್ಕೋತ ಇರ್ರಿ,” ಎಂದು ಇಟ್ಟರು.

ಒಂದೂವರೆ ತಿಂಗಳು ಕಳೆದಿರಬೇಕು. ಚಂದ್ರಿ ಊಟ ಕಡಿಮೆ ಮಾಡಿದಳು. ನೀರಿನ ಬಟ್ಟಲು ಎಷ್ಟು ಸಲ ತುಂಬಿದರೂ ಖಾಲಿ. ಹತ್ತಿರದ ಡಾಕ್ಟರರು ಹೊಟ್ಟೆ ಕೆಟ್ಟಿದೆ ಎಂದು ಸೂಜಿ ಕೊಟ್ಟರು. ಬೆದೆ ಯಾವಾಗ ಆಗಿತ್ತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರನೇ ದಿನ ಅವಳು ವಾಂತಿ ಮಾಡಿ, ಗೋಡೆಗೆ ಮುಖ ಮಾಡಿ ಮಲಗಿದಳು. ಮಗಳು ಕರೆದರೆ ಕಿವಿ ಮಾತ್ರ ಅಲುಗಿತು.

ಮಗಳು ನನ್ನನ್ನು ಕೇಳಲೇ ಇಲ್ಲ. ನನ್ನ ಫೋನ್ ತೆಗೆದುಕೊಂಡು ಅಕ್ಕನಿಗೆ ಮಾಡಿದಳು. ಅವಳು ಅಷ್ಟು ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು: “ಅಕ್ಕಾ, ಕ್ಯಾಂಡಿ ಊಟ ಮಾಡ್ತಾ ಇಲ್ಲ. ನೀರು ಕುಡೀತಾಳೆ, ತುಂಬಾ ಕುಡೀತಾಳೆ. ಏಳ್ತಾ ಇಲ್ಲ ಅಕ್ಕಾ...” ಆಮೇಲೆ ಫೋನನ್ನು ನನ್ನತ್ತ ಚಾಚಿದಳು.

“ಅಣ್ಣಾರ, ಬೆದಿ ಮುಗದು ಎಷ್ಟು ದಿನ ಆತು?”

ನಾನು ಗೋಡೆಯ ಕ್ಯಾಲೆಂಡರಿನತ್ತ ನೋಡಿದೆ.

“ಖರೇ ಹೇಳ್ರಿ. ನನಗ ಸಿಟ್ಟಿಲ್ಲ. ದಿನ ಲೆಕ್ಕ ಹಾಕಬೇಕು, ಅದಕ್ಕ ಕೇಳಾಕತ್ತೀನಿ.”

ಹೇಳಿದೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳ ಪರೀಕ್ಷೆಯ ನೆಪದಲ್ಲಿ ಅಪ್ಪ ಸುಳ್ಳು ಹೇಳಿದ್ದು ಅವಳಿಗೆ ಆಗಲೇ ಗೊತ್ತಾದದ್ದು.

“ಗರ್ಭದಾಗ ಕೀವು ತುಂಬೇದ,” ಎಂದರು ಅಕ್ಕ. ದನಿಯಲ್ಲಿ ಗಾಬರಿ ಇರಲಿಲ್ಲ, ಅವಸರ ಇತ್ತು. “ಈಗಿಂದೀಗ ದೊಡ್ಡ ದವಾಖಾನಿಗಿ ಒಯ್ರಿ. ಬೆದಿ ದಿನ ಹೇಳ್ರಿ, ಹೊಟ್ಟಿ ಫೋಟೋ ತಗೀರಿ ಅನ್ರಿ. ಸಂಜಿ ಮಟಾ ಕಾಯಬ್ಯಾಡ್ರಿ. ನಾ ಬರ್ತೀನಿ.”

ಆಸ್ಪತ್ರೆಯಲ್ಲಿ ಸೋನೋಗ್ರಫಿ ಮಾಡಿದ ಡಾಕ್ಟರರು ಅದನ್ನೇ ಹೇಳಿದರು. ಗರ್ಭಕೋಶ ತೆಗೆಯಬೇಕು, ಈಗಲೇ. ಕಾಗದ ಮುಂದಿಟ್ಟು ಮಾಲೀಕರು ಯಾರು ಎಂದರು. ಪೆನ್ನು ನನ್ನ ಕೈಯಲ್ಲಿತ್ತು. ಸಹಿ ಮಾಡುವ ಹಕ್ಕು ನನಗಿರಲಿಲ್ಲ. ಅಷ್ಟರಲ್ಲಿ ಅಕ್ಕ ಬಂದರು, ಕಾಲಿಗೆ ಹವಾಯಿ ಚಪ್ಪಲಿ, ಸೆರಗಿನ ತುದಿಯಲ್ಲಿ ಅರಿಶಿನದ ಕಲೆ. ಒಲೆ ಆರಿಸಿ ಹಾಗೇ ಹೊರಟು ಬಂದಿದ್ದರು. ಸೀದಾ ಚಂದ್ರಿಯ ಬಳಿ ಹೋಗಿ ಒಸಡು ಎತ್ತಿ ಬಣ್ಣ ನೋಡಿದರು. ಚಂದ್ರಿ ಅವರ ಮುಂಗೈಯನ್ನು ಒಮ್ಮೆ ನೆಕ್ಕಿದಳು.

ಡಾಕ್ಟರರು ಮರಾಠಿಯಲ್ಲಿ ವಿವರಿಸಿದರು: ಬ್ರೀಡಿಂಗ್ ನಾಯಿ ಎನ್ನುತ್ತೀರಿ, ಗರ್ಭಕೋಶ ತೆಗೆದರೆ ಇನ್ನು ಮರಿಯಾಗುವುದಿಲ್ಲ, ಅದನ್ನು ಉಳಿಸಲು ಔಷಧಿಯಿಂದ ಪ್ರಯತ್ನಿಸಬಹುದು, ಆದರೆ ಅಪಾಯ ಇದೆ... ಅಕ್ಕ ನಡುವೆಯೇ ತಡೆದರು. “ಪಿಲ್ಲಂ ನಕೋ. ಕುತ್ರೀ ವಾಚವಾ.” ಮರಿ ಬೇಡ, ನಾಯಿ ಉಳಿಸಿ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ಹೆಸರು ಬರೆದರು. ತಾವು ಕಣ್ಣ ಮುಂದೆ ಇಟ್ಟುಕೊಳ್ಳಬೇಕೆಂದಿದ್ದ ಆ ರಕ್ತವನ್ನು ಅಲ್ಲಿಗೆ ಮುಗಿಸಿದ್ದು ಆ ಸಹಿ.

ಹೊರಗಿನ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದೆವು. ಮಗಳು ಅಕ್ಕನ ತೊಡೆಯ ಮೇಲೆ ತಲೆ ಇಟ್ಟಿದ್ದಳು. ನನ್ನ ಪಕ್ಕ ಬರಲಿಲ್ಲ. “ತಪ್ಪಾಯ್ತು ಅಕ್ಕ,” ಎಂದೆ.

ಅಕ್ಕ ಗೋಡೆ ನೋಡುತ್ತಾ ಹೇಳಿದರು, “ನನ್ನದೂ ಐತ್ರಿ. ನೀವು ಇಲ್ಲ ಅಂದಾಗನ ನನಗ ತಿಳದಿತ್ತು. ಆಕಿ ತಿಂಗಳು ನನಗ ಬಾಯಿಪಾಠ. ಹುಡಿಗಿ ಪರೀಕ್ಷಾ, ಇರಲಿ ಅಂತ ಸುಮ್ಮನಾದೆ. ಸುಮ್ಮನಾದಾಕಿ ನಾಕ ದಿನಕ್ಕೊಮ್ಮೆ ಫೋನರ ಮಾಡಿ ಹ್ಯಾಂಗದಾಳ ಕೇಳಬೇಕಿತ್ತು. ಸುಳ್ಳು ಹೊರಬಿದ್ದು ನಿಮಗ ನಾಚಿಕಿ ಆದೀತಂತ ಅದೂ ಬಿಟ್ಟೆ.”

ಹೇಳಿದ್ದರೂ ಈ ರೋಗ ಬರಬಹುದಿತ್ತು ಎಂದು ಡಾಕ್ಟರರು ಆಮೇಲೆ ಸಮಾಧಾನ ಮಾಡಿದರು. ಇರಬಹುದು. ಆದರೆ ಆ ಮೂರು ದಿನ ವ್ಯರ್ಥವಾಗುತ್ತಿರಲಿಲ್ಲ, ಬಹುಶಃ ಅಕ್ಕ ಇಟ್ಟುಕೊಳ್ಳಬೇಕೆಂದಿದ್ದ ಆ ಹೆಣ್ಣುಮರಿಯೂ ಹುಟ್ಟುತ್ತಿತ್ತು...

ಚಂದ್ರಿ ಉಳಿದಳು. ಹೊಲಿಗೆ ಬಿಚ್ಚಿದ ದಿನ ಅಕ್ಕ ನೌಪಾಡಾಕ್ಕೆ ಬಂದು ನಾನು ಬರೆದಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಹೆಂಡತಿಯ ಕೈಗೆ ಕೊಟ್ಟರು, ನನ್ನ ಕೈಗಲ್ಲ. “ಇನ್ನ ಆಕಿ ನಿಮ್ಮಾಕಿ,” ಎಂದರು. ಪ್ರತಿಯಾಗಿ ಬೇರೆ ಏನನ್ನೂ ತೆಗೆದುಕೊಳ್ಳಲಿಲ್ಲ. ಚಹಾ ಮಾತ್ರ ಕುಡಿದರು, ಅದೇ ಬಾಗಿಲಿಗೆ ಒರಗಿ. ಮಗಳು ನನ್ನೊಡನೆ ಸರಿಯಾಗಿ ಮಾತಾಡಲು ಪರೀಕ್ಷೆ ಮುಗಿದು ಫಲಿತಾಂಶ ಬರಬೇಕಾಯಿತು.

ಆಮೇಲೆ ಪ್ರತಿ ದೀಪಾವಳಿಗೆ ಅಕ್ಕ ಬರುತ್ತಿದ್ದರು, ನಾವು ಸಾನಪಾಡಾಕ್ಕೆ ಬಂದ ಮೇಲೂ. ಬಂದು ಚಂದ್ರಿಯ ಹಲ್ಲು, ಕಿವಿ, ಉಗುರು ನೋಡಿ, “ತೂಕ ಜಾಸ್ತಿ ಆಗೇತಿ, ಅನ್ನ ಕಡಿಮಿ ಮಾಡ್ರಿ,” ಎಂದು ಗದರಿಸಿ ಹೋಗುವುದು. ಒಂದು ದೀಪಾವಳಿಗೆ ಬರಲಿಲ್ಲ. ಫೋನು ಹತ್ತಲಿಲ್ಲ. ಮುಂದಿನ ಭಾನುವಾರ ಚಂದ್ರಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಕಲ್ಯಾಣಕ್ಕೆ ಹೋದೆವು. ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಹೊರಬಂದು, ತೀರಿಕೊಂಡು ಎರಡು ತಿಂಗಳಾಯಿತು, ಜ್ವರ ಬಂದು ನಾಲ್ಕೇ ದಿನ ಎಂದರು. “ಯಾರಿಗೆ ತಿಳಿಸಬೇಕು ಅಂತ ನಮಗೆ ಗೊತ್ತಿರಲಿಲ್ಲ,” ಎಂದೂ ಹೇಳಿದರು. ಎಷ್ಟೋ ಮನೆಗಳಲ್ಲಿ ಅಕ್ಕನ ನಾಯಿಗಳಿದ್ದವು. ಆ ಮನೆಗಳಿಗೆ ಒಂದಕ್ಕೊಂದು ಪರಿಚಯವಿರಲಿಲ್ಲ. ಚಂದ್ರಿ ಅಂಗಳವನ್ನೆಲ್ಲ ಮೂಸಿ, ನೀರಿನ ನಲ್ಲಿಯ ಬಳಿ ಸ್ವಲ್ಪ ಹೊತ್ತು ನಿಂತು, ತಾನಾಗಿಯೇ ಗಾಡಿಗೆ ಮರಳಿದಳು.

ಚಂದ್ರಿ ಹೋದದ್ದು ಕಳೆದ ವರ್ಷ, ಹನ್ನೆರಡು ತುಂಬಿದ ಮೇಲೆ, ನಿದ್ದೆಯಲ್ಲಿ. ಬೇಲಾಪುರದಲ್ಲಿ ಕೆಲಸದಲ್ಲಿರುವ ಮಗಳು ರಜೆ ಹಾಕಿ ಬಂದಳು. ಎಲ್ಲ ಮುಗಿಸಿ ಬಂದು ಕೂತಾಗ ಫೋನ್ ಕೈಯಲ್ಲಿ ಹಿಡಿದು ಕೇಳಿದಳು, “ಪಪ್ಪಾ, ಕಿಸೀಕೋ ಬತಾನಾ ಹೈ?”

ಯಾರಿಗಾದರೂ ತಿಳಿಸಬೇಕಾ... ನಾನು ಇಲ್ಲ ಎಂದು ತಲೆಯಾಡಿಸಿದೆ. ಆ ಸುದ್ದಿ ಮುಟ್ಟಿಸಬೇಕಾದ ಮನೆ ಒಂದೇ ಇತ್ತು, ಕಲ್ಯಾಣದಲ್ಲಿ.